ಕಣ ಹಸನು ಮಾಡುವ ಕಾಲ: ಕೈಗೆ ತಕ್ಕ ಸಾಮಾನು ಸಾಕು

ಮಹಾನವಮಿಯ ದಿನ ಗುದ್ದಲಿ, ಕುಡುಗೋಲು, ಸಲಿಕೆಗಳನ್ನು ತೊಳೆದು, ಕುಂಕುಮವಿಟ್ಟು, ಚೆಂಡುಹೂ ಮುಡಿಸಿ ಪೂಜಿಸಿದ್ದೀರಿ. ಅಂದು ಸಂಜೆ ಕೊಟ್ಟಿಗೆಯ ಮೂಲೆ ಸೇರಿದ ಆ ಸಾಮಾನುಗಳನ್ನು ಈಗ ಮತ್ತೆ ಹೊರಗೆ ತೆಗೆಯುವ ಕಾಲ ಬಂದಿದೆ. ಸ್ವಾತಿ ಮಳೆ ಮುಗಿಯುತ್ತಾ ಬಂತು. ವಿಶಾಖೆಯಲ್ಲಿ ಒಂದೆರಡು ಹದ ಬಿದ್ದರೂ ಬೀಳಬಹುದು. ರಾಗಿಯ ತೆನೆ ಕಂದು ತಿರುಗುತ್ತಿದೆ, ಭತ್ತ ಬಾಗಿದೆ. ಕೊಯ್ಲಿಗೆ ಕೈ ಹಾಕುವುದಕ್ಕೆ ಮುಂಚೆ ಸಿಗುವ ಈ ಎರಡು ಮೂರು ವಾರಗಳ ಬಿಡುವಿನಲ್ಲಿ ಹಿತ್ತಿಲು, ಕೊಟ್ಟಿಗೆಯ ಸುತ್ತಮುತ್ತ, ತಿಪ್ಪೆ ಮತ್ತು ಕಣ ಇವಿಷ್ಟನ್ನೂ ಹಸನು ಮಾಡಿಕೊಳ್ಳಬೇಕು. ಮುಂಗಾರಿನಿಂದ ಈವರೆಗೆ ಬೆಳೆದ ಕಳೆ, ಕೊಳೆತ ಗರಿ, ಉದುರಿದ ಎಲೆ, ಒಡೆದ ಹೆಂಚು, ಹಳೆಯ ಚೀಲ ಎಲ್ಲವೂ ಮನೆಯ ಬೆನ್ನಿಗೆ ಬಿದ್ದಿರುವ ಹೊತ್ತು ಇದು.

ಈ ಕೆಲಸ ಹೊಸದೇನಲ್ಲ, ನಿಮ್ಮ ತಾತಂದಿರೂ ಮಾಡಿದ್ದೇ. ಆದರೆ ಈಚಿನ ವರ್ಷಗಳಲ್ಲಿ ಹಳ್ಳಿಗಳನ್ನು ಸುತ್ತುವಾಗ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತಿದೆ. ರೈತ ಸಂಪರ್ಕ ಕೇಂದ್ರಕ್ಕೆ ಬರುವವರಲ್ಲಿ ಕಳೆ ಕೊಚ್ಚುವ ಯಂತ್ರಕ್ಕೆ ಸಹಾಯಧನ ಉಂಟೇ ಎಂದು ಕೇಳುವವರು ಬಹಳ. ಸಲಿಕೆಗೆ ಎಂಥ ಮರದ ಕಾವು ಒಳ್ಳೆಯದು ಎಂದು ಕೇಳುವವರು ಇಲ್ಲವೇ ಇಲ್ಲವೆನ್ನಬೇಕು. ಯಂತ್ರವೂ ಬಂದಿಲ್ಲ, ಸಲಿಕೆಯ ಕಾವು ಮುರಿದು ವರ್ಷವಾಯಿತು. ಹೀಗಾಗಿ ಹಿತ್ತಿಲಿನಲ್ಲಿ ಎದೆಯೆತ್ತರ ಕಳೆ ನಿಂತಿರುವ ಮನೆಗಳು ಪ್ರತಿ ಊರಿನಲ್ಲೂ ಸಿಗುತ್ತವೆ.

ಯಂತ್ರಗಳ ಮೇಲೆ ನಮಗೆ ದ್ವೇಷವಿಲ್ಲ. ನಾಲ್ಕಾರು ಎಕರೆ ಅಡಿಕೆ, ತೆಂಗು ಅಥವಾ ಕಾಫಿ ತೋಟ ಇರುವವರು, ಆಳು ಸಿಗದ ಕಡೆಯವರು ಕಳೆ ಕೊಚ್ಚುವ ಯಂತ್ರ ಬಳಸಿದರೆ ಅದು ಲೆಕ್ಕಕ್ಕೆ ಬರುವ ಮಾತು. ಅಂಥವರೂ ಕೊಳ್ಳುವ ಮೊದಲು ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುವುದೇ ಎಂದು ವಿಚಾರಿಸುವುದು ಮೇಲು. ೨೦೧೪-೧೫ರಲ್ಲಿ ರಾಜ್ಯದಲ್ಲಿ ಆರಂಭವಾದ ಈ ಕೇಂದ್ರಗಳ ಉದ್ದೇಶವೇ ಅದು. ಆದರೆ ಎರಡು ಗುಂಟೆ ಹಿತ್ತಿಲಿಗೆ, ಹತ್ತು ಮಾರು ಕಣಕ್ಕೆ ಹತ್ತು ಸಾವಿರ ರೂಪಾಯಿಗೂ ಮಿಗಿಲಾದ ಯಂತ್ರವನ್ನು ಸಾಲ ಮಾಡಿ ತರುವುದು ಯಾವ ಬೇಸಾಯ? ವರ್ಷದಲ್ಲಿ ನಾಲ್ಕು ದಿನ ಓಡಿ, ಉಳಿದ ದಿನ ಅಟ್ಟದ ಮೇಲೆ ಕೂರುವ ಎಂಜಿನ್ನಿಗೆ ಮರುವರ್ಷ ಪೆಟ್ರೋಲು ಹಾಕಿದರೆ ಅದು ಹತ್ತುವುದೇ ಇಲ್ಲ. ಜೊತೆಗೆ ಹಿತ್ತಿಲೆಂದರೆ ಕಲ್ಲು, ಗಾಜಿನ ಚೂರು, ತಂತಿ ಇರುವ ಜಾಗ. ತಿರುಗುವ ಅಲಗಿಗೆ ತಗುಲಿದ ಕಲ್ಲು ಗುಂಡಿನಂತೆ ಹಾರುತ್ತದೆ. ಕಣ್ಣು ಹೋಗುವುದಕ್ಕೆ ಒಂದೇ ಚೂರು ಸಾಕು. ಇಷ್ಟೆಲ್ಲ ಮಾಡಿಯೂ ಅದು ಕಳೆಯನ್ನು ಕೊಚ್ಚುತ್ತದೆಯೇ ಹೊರತು ಬೇರು ಕೀಳುವುದಿಲ್ಲ.

ಹಾಗೆಂದು ಇರುವ ಮೊಂಡು ಕುಡುಗೋಲಿನಲ್ಲೇ ಹೇಗೋ ಸಾಗಿಸಿ ಎನ್ನುವುದೂ ಸರಿಯಲ್ಲ. ಸರಳ ಸಾಮಾನು ಎಂದರೆ ದರಿದ್ರ ಸಾಮಾನು ಎಂದು ಅರ್ಥವಲ್ಲ. ಕೆಲಸಕ್ಕೆ ಸಾಲುವಂತಿರಬೇಕು, ಹಿಡಿದವರ ಮೈಗೆ ಒಗ್ಗುವಂತಿರಬೇಕು.

ಇಲ್ಲಿ ಒಂದು ನೇರ ಪ್ರಶ್ನೆ. ನಿಮ್ಮ ಮನೆಯ ಅಂಗಳ, ಕೊಟ್ಟಿಗೆ, ಹಿತ್ತಿಲು ಗುಡಿಸುವವರು ಯಾರು? ಬಹುಪಾಲು ಮನೆಗಳಲ್ಲಿ ಹೆಂಗಸರು. ಅವರ ಕೈಯಲ್ಲಿರುವ ಪೊರಕೆಯ ಉದ್ದ ಎಷ್ಟು? ಮೊಳವೂ ಇಲ್ಲ, ಏಕೆಂದರೆ ತೆಂಗಿನ ಕಡ್ಡಿ ಸವೆದು ಅರ್ಧವಾದ ಮೇಲೂ ಅದನ್ನೇ ಬಳಸುವುದು ವಾಡಿಕೆ. ಬೆಳಗ್ಗೆ ಐದಕ್ಕೆ ಎದ್ದು ಸೊಂಟ ಮುರಿದಂತೆ ಬಗ್ಗಿ, ಧೂಳನ್ನು ನೇರವಾಗಿ ಮೂಗಿಗೆ ಎಳೆದುಕೊಳ್ಳುತ್ತಾ ಗುಡಿಸುತ್ತಾರೆ. ಮಧ್ಯಾಹ್ನ ಅದೇ ಸೊಂಟ ಬಗ್ಗಿಸಿ ಕಳೆ ತೆಗೆಯಬೇಕು, ನಾಳೆ ರಾಗಿ ಕೊಯ್ಯಬೇಕು. ನಾಲ್ಕು ಅಡಿಯ ಒಂದು ಬಿದಿರು ಗಳುವಿಗೆ ಹೊಸ ಕಡ್ಡಿ ಪೊರಕೆಯನ್ನು ಬಿಗಿಯಾಗಿ ಕಟ್ಟಿಕೊಟ್ಟರೆ ಅವರು ನಿಂತು ಗುಡಿಸಬಹುದು. ಇದಕ್ಕೆ ಖರ್ಚು ಬಿದಿರಿನ ತುಂಡು, ಅರ್ಧ ಮಾರು ಹುರಿ. ಗಂಡಸರು ಯಂತ್ರದ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಮೂರು ಸಲ ಓಡಾಡುತ್ತಾರೆ. ಈ ಬಿದಿರು ಕಟ್ಟುವ ಕೆಲಸ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಮಂಕರಿಯ ಮಾತೂ ಹಾಗೆಯೇ. ತಲೆಯ ಮೇಲೆ ಹೊತ್ತು ಸಾಗಿಸುವ ಮಂಕರಿಯನ್ನು ಎತ್ತಿಕೊಡುವ ಗಂಡಸು ತನಗೆ ತೋರಿದಷ್ಟು ತುಂಬುತ್ತಾನೆ, ಹೊರುವವಳು ಬೇರೆ. ತಿಪ್ಪೆ ದೂರವಿದ್ದರೆ ಒಂಟಿ ಗಾಲಿಯ ಕೈಗಾಡಿಯೊಂದನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿಕೊಳ್ಳಿ. ಈ ಇಡೀ ಕೆಲಸದಲ್ಲಿ ಹಣ ಹಾಕಲು ಯೋಗ್ಯವಾದ ವಸ್ತು ನಮ್ಮ ಅಭಿಪ್ರಾಯದಲ್ಲಿ ಅದೊಂದೇ.

ಇನ್ನುಳಿದಂತೆ ಬೇಕಾದದ್ದು ಒಂದು ಸಲಿಕೆ, ಒಂದು ಗುದ್ದಲಿ, ಎರಡು ಕುಡುಗೋಲು, ಒಂದು ಮಚ್ಚು, ಕಸ ಎಳೆಯಲು ಹಲ್ಲಿನ ಗೊರೆ, ಕಸ ಎತ್ತಲು ಒಂದು ಕವೆಗೋಲು. ಸಂತೆಯಲ್ಲಿ ಮಾರುವ ತೆಳು ತಗಡಿನ ಸಲಿಕೆ ಬಣ್ಣ ಚೆನ್ನಾಗಿರುತ್ತದೆ, ಕಲ್ಲಿಗೆ ತಾಗಿದೊಡನೆ ಮಡಿಚಿಕೊಳ್ಳುತ್ತದೆ. ಬೆರಳಿನಿಂದ ತಟ್ಟಿ ನೋಡಿ, ಗಟ್ಟಿ ನಾದ ಬರಬೇಕು. ಕಾವು ಕೂರುವ ಬಳೆ ಒಡೆದು ಬೆಸೆದದ್ದಾಗಿರಬಾರದು. ಊರಿನಲ್ಲಿ ಕುಲುಮೆ ಇನ್ನೂ ಉರಿಯುತ್ತಿದ್ದರೆ ನಿಮ್ಮ ಭಾಗ್ಯ. ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿ ಕೊಟ್ಟು ಗುದ್ದಲಿ, ಮಚ್ಚು ತಟ್ಟಿಸಿಕೊಳ್ಳಿ. ಅದರ ಉಕ್ಕು ಅಂಗಡಿಯ ಮಾಲಿಗಿಂತ ಎಷ್ಟೋ ಬಾಳಿಕೆ ಬರುತ್ತದೆ, ಸವೆದರೆ ಮತ್ತೆ ಬಾಯಿ ಕಟ್ಟಿಸಬಹುದು. ಹದ ಕೊಡುವ ವಿದ್ಯೆ ಬಲ್ಲ ಕಮ್ಮಾರರು ಹೋಬಳಿಗೆ ಒಬ್ಬರಂತೆ ಕಡಿಮೆಯಾಗುತ್ತಿದ್ದಾರೆ. ಸುಗ್ಗಿಯ ಮುಂಚೆ ಎಲ್ಲರೂ ಒಂದೇ ದಿನ ಮುತ್ತಿಗೆ ಹಾಕದೆ ಈಗಲೇ ಹೋದರೆ ಅವರಿಗೂ ಬಿಡುವಿರುತ್ತದೆ, ನಿಮ್ಮ ಕೆಲಸವೂ ಚೊಕ್ಕವಾಗುತ್ತದೆ.

ಕಾವಿಗೆ ಜಾಲಿ ಅಥವಾ ಹುಣಸೆ ಒಳ್ಳೆಯದು. ಹಸಿ ಮರ ಬೇಡ. ಒಣಗಿದಂತೆ ಕುಗ್ಗಿ ತಲೆ ಸಡಿಲವಾಗಿ, ಎತ್ತಿದ ಗುದ್ದಲಿ ಹಿಂದೆ ನಿಂತವರ ಮೇಲೆ ಬೀಳುತ್ತದೆ. ನೆರಳಿನಲ್ಲಿ ಆರಿದ, ಗಂಟಿಲ್ಲದ, ನೇರ ಎಳೆಯ ತುಂಡು ಆರಿಸಿ. ಗಾಜಿನ ಚೂರಿನಿಂದ ಹೆರೆದು ನಯ ಮಾಡಿ ಹೊಂಗೆ ಎಣ್ಣೆ ಸವರಿ. ಸಲಿಕೆಯ ಕಾವು ಹಿಡಿಯುವವರ ಎದೆಯ ಮಟ್ಟಕ್ಕೆ ಬಂದರೆ ಬೆನ್ನು ಹೆಚ್ಚು ಬಾಗುವುದಿಲ್ಲ. ಕುಡುಗೋಲಿನಲ್ಲಿ ನಯವಾದ ಅಲಗಿನದನ್ನು ಕಳೆಗೂ ಹುಲ್ಲಿಗೂ ಇಟ್ಟುಕೊಂಡು, ಹಲ್ಲಿರುವುದನ್ನು ಪೈರು ಕೊಯ್ಯುವುದಕ್ಕೆ ಮೀಸಲಿಡಿ. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯವರು ರೂಪಿಸಿದ ನವೀನ್ ಎಂಬ ಹಲ್ಲು ಕುಡುಗೋಲು ಹಗುರ. ಅದರ ಹಿಡಿಯಲ್ಲಿ ಬಾಗು ಇರುವುದರಿಂದ ಬೆರಳು ನೆಲಕ್ಕೆ ಉಜ್ಜುವುದಿಲ್ಲ. ಹೆಣ್ಣಾಳುಗಳಿಗೆ ಕೊಟ್ಟು ನೋಡಿ, ಮತ್ತೆ ಹಳೆಯದನ್ನು ಮುಟ್ಟುವುದಿಲ್ಲ. ನಯದ ಅಲಗನ್ನು ದಿನವೂ ಕೆಲಸಕ್ಕೆ ಮುಂಚೆ ಅರದಿಂದಲೋ ಸಾಣೆಕಲ್ಲಿನಿಂದಲೋ ಒಂದೇ ದಿಕ್ಕಿಗೆ ಹತ್ತು ಸಲ ಎಳೆಯಿರಿ. ಹಿಂದೆ ಮುಂದೆ ಉಜ್ಜಿದರೆ ಬಾಯಿ ಮುರಿಯುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮೊಂಡು ಕುಡುಗೋಲು ಹಿಡಿದವರು ಕೂಲಿಯಾಳು ಸೋಮಾರಿ ಎನ್ನುತ್ತಾರೆ.

ಇನ್ನು ಕೆಲಸಕ್ಕೆ ಇಳಿಯೋಣ. ಮೊದಲು ಕಣಜ ಅಥವಾ ಚೀಲ ಇಡುವ ಕೋಣೆಯ ಹೊರಗೋಡೆಯ ಬದಿಯಿಂದ ಆರಂಭಿಸಿ. ಹೊಲದಲ್ಲಿ ಕೊಯ್ಲಾದೊಡನೆ ಇಲಿ, ಹೆಗ್ಗಣಗಳು ಊರ ಕಡೆ ಮುಖ ಮಾಡುತ್ತವೆ. ಗೋಡೆಗೆ ಒರಗಿದ ಸೌದೆ, ತೆಂಗಿನ ಮಟ್ಟೆ, ಮುರಿದ ಬಂಡಿ ಅವಕ್ಕೆ ಛತ್ರ. ಗೋಡೆಯಿಂದ ಒಂದು ಮಾರು ಜಾಗ ಬರಿ ನೆಲವಾಗಿರಲಿ. ಸಂಜೆ ಕಂಡ ಬಿಲಗಳನ್ನೆಲ್ಲ ಮಣ್ಣಿನಿಂದ ಮುಚ್ಚಿ. ಬೆಳಗ್ಗೆ ಯಾವುದು ತೆರೆದಿದೆಯೋ ಅದರಲ್ಲಿ ಇಲಿಯಿದೆ ಎಂದು ತಿಳಿಯಿರಿ. ಬೋನು ಅಲ್ಲಿಟ್ಟರೆ ಸಾಕು, ಊರೆಲ್ಲ ವಿಷ ಚೆಲ್ಲಿ ನಾಯಿ, ಕೋಳಿ ಕಳೆದುಕೊಳ್ಳುವುದು ಬೇಡ.

ಇಲಿ ಇರುವಲ್ಲಿ ಹಾವು ಇರುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ೨೦೦೦ದಿಂದ ೨೦೧೯ರವರೆಗೆ ನಮ್ಮ ದೇಶದಲ್ಲಿ ಸುಮಾರು ೧೨ ಲಕ್ಷ ಜನ ಹಾವು ಕಡಿದು ಸತ್ತರೆಂದು ೨೦೨೦ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯವರು. ಕರ್ನಾಟಕದಲ್ಲಿ ೨೦೨೪ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಲಾಯಿತು. ಕವೆಗೋಲು ಬೇಕೆಂದು ಹೇಳಿದ್ದು ಇದಕ್ಕಾಗಿಯೇ. ಎಲೆ, ಮಟ್ಟೆ, ಹುಲ್ಲಿನ ಗುಡ್ಡೆಗೆ ಎಂದೂ ಬರಿಗೈ ಹಾಕಬೇಡಿ. ಕೋಲಿನಿಂದ ಬಡಿದು, ಕೆದಕಿ, ಆಮೇಲೆ ಎತ್ತಿ. ಕಾಲಿಗೆ ಬೂಟು ಇರಲಿ. ಕಡಿದರೆ ಬ್ಲೇಡಿನಿಂದ ಕೊಯ್ಯುವುದು, ಹಗ್ಗ ಬಿಗಿಯುವುದು, ಮಂತ್ರ ಹಾಕಿಸುವುದು ಬೇಡ. ಕೈಕಾಲು ಅಲುಗದಂತೆ ಮಲಗಿಸಿ ಪ್ರತಿವಿಷ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ಮಲೆನಾಡಿನ ರೈತರಿಗೆ ಇನ್ನೊಂದು ಮಾತು: ಕೊಟ್ಟಿಗೆಗೆ ಹಾಸಲು ಕಾಡಿನಿಂದ ದರಗು ತರುವ ಕಾಲವೂ ಇದೇ. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವ ಉಣುಗುಗಳು ಆ ಎಲೆಗಳಲ್ಲೇ ಇರುತ್ತವೆ. ಮಂಗ ಸತ್ತ ಸುದ್ದಿಯಿರುವ ಕಡೆ ದರಗು ತರಲೇಬೇಡಿ. ಉಳಿದ ಕಡೆಯೂ ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆಯವರು ಕೊಡುವ ತೈಲ ಹಚ್ಚಿಕೊಂಡು ಹೋಗಿ, ಬಂದೊಡನೆ ಬಿಸಿನೀರಿನಲ್ಲಿ ಮೈ ತೊಳೆಯಿರಿ.

ಹಿತ್ತಿಲಿನ ಕಳೆಗಳಲ್ಲಿ ದೊಡ್ಡ ಶತ್ರು ಕಾಂಗ್ರೆಸ್ ಕಳೆ ಎಂದು ನೀವು ಕರೆಯುವ ಪಾರ್ಥೇನಿಯಂ. ೧೯೫೦ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಕಂಡ ಇದು ಇಂದು ಇಲ್ಲದ ಊರಿಲ್ಲ. ಇದನ್ನು ತಿನ್ನಲೆಂದು ೧೯೮೪ರಲ್ಲಿ ಬೆಂಗಳೂರಿನಲ್ಲಿ ಬಿಡಲಾದ ಮೆಕ್ಸಿಕೋ ದೇಶದ ದುಂಬಿ ಮಳೆಗಾಲದಲ್ಲಿ ಎಲೆ ತಿಂದು ಉಪಕಾರ ಮಾಡುತ್ತದೆ, ಚಳಿ ಬಿದ್ದ ಮೇಲೆ ಮಣ್ಣೊಳಗೆ ಸೇರಿಕೊಳ್ಳುತ್ತದೆ. ಈಗಿನ ಕೆಲಸ ನಿಮ್ಮ ಕೈಯದೇ. ನೆಲದಲ್ಲಿ ತೇವವಿರುವಾಗಲೇ ಬೇರು ಸಹಿತ ಕೀಳಿ. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ, ಹೂ ಬರುವ ಮುಂಚೆ ಕಿತ್ತದ್ದೇ ಲಾಭ. ಕೈಗೆ ಚೀಲವನ್ನಾದರೂ ಸುತ್ತಿಕೊಳ್ಳಿ, ಮೂಗಿಗೆ ಬಟ್ಟೆ ಕಟ್ಟಿ. ಇದರಿಂದ ಕಜ್ಜಿ, ಉಬ್ಬಸ ಹತ್ತಿದವರನ್ನು ನೀವೇ ಬಲ್ಲಿರಿ.

ಕೂಡಿಬಿದ್ದ ಕಸವನ್ನು ಏನು ಮಾಡಬೇಕು? ಸಂಜೆಯ ಹೊತ್ತು ಊರ ಮೇಲೆ ಹಬ್ಬುವ ಹೊಗೆ ನೋಡಿದರೆ ಹೆಚ್ಚಿನವರ ಉತ್ತರ ಬೆಂಕಿಕಡ್ಡಿ ಎಂದು ತಿಳಿಯುತ್ತದೆ. ಎಲೆ, ಹುಲ್ಲು ಸುಟ್ಟಾಗ ಅದರ ಸಾರಜನಕ ಬಹುಪಾಲು ಹೊಗೆಯ ಜೊತೆ ಹೋಗುತ್ತದೆ. ಬೂದಿಯಲ್ಲಿ ಉಳಿಯುವುದು ಪೊಟ್ಯಾಷ್, ಸುಣ್ಣ ಇತ್ಯಾದಿ. ಕಾರ್ತಿಕದಲ್ಲಿ ಅದನ್ನು ಸುಟ್ಟು, ಜ್ಯೇಷ್ಠದಲ್ಲಿ ಯೂರಿಯಾ ಚೀಲಕ್ಕೆ ಸರತಿ ನಿಲ್ಲುತ್ತೇವೆ. ಇದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಹುಟ್ಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು ೧೯೩೯ರಲ್ಲಿ ರೂಪಿಸಿದ ಕಾಂಪೋಸ್ಟ್ ವಿಧಾನಕ್ಕೆ ಬೆಂಗಳೂರು ಪದ್ಧತಿ ಎಂದೇ ಹೆಸರು. ಮೂರು ಅಡಿ ಆಳ, ಐದಾರು ಅಡಿ ಅಗಲ, ಕಸಕ್ಕೆ ತಕ್ಕ ಉದ್ದದ ಗುಂಡಿ ತೆಗೆಯಿರಿ. ಅರ್ಧ ಅಡಿ ಕಸ, ಮೇಲೆ ಎರಡು ಅಂಗುಲ ಸಗಣಿ ಗಂಜಲದ ಬಗ್ಗಡ, ಮತ್ತೆ ಕಸ, ಹೀಗೆ ನೆಲಮಟ್ಟಕ್ಕಿಂತ ಒಂದೂವರೆ ಅಡಿ ಮೇಲೆ ಬರುವವರೆಗೆ ತುಂಬಿ. ಒಣ ಕಸವಾದರೆ ನೀರು ಚಿಮುಕಿಸಿ ತೇವ ಮಾಡಿ. ಕೊನೆಗೆ ಕೆಸರು ಮಣ್ಣನ್ನು ಅಂಗುಲದಷ್ಟು ದಪ್ಪ ಮೆತ್ತಿಬಿಡಿ. ತಿರುವಿಹಾಕುವ ಕೆಲಸವಿಲ್ಲ. ಆರರಿಂದ ಎಂಟು ತಿಂಗಳಿಗೆ ಗೊಬ್ಬರ ಸಿದ್ಧ, ಎಂದರೆ ಈಗ ಮುಚ್ಚಿದ ಗುಂಡಿ ಸರಿಯಾಗಿ ಮುಂಗಾರು ಬಿತ್ತನೆಯ ಹೊತ್ತಿಗೆ ತೆರೆಯುತ್ತದೆ. ಇದಕ್ಕೂ ಬೇಕಾದದ್ದು ಗುದ್ದಲಿ, ಸಲಿಕೆ, ಮಂಕರಿ.

ಗುಂಡಿಗೆ ಎಲ್ಲವೂ ಹೋಗಬಾರದು. ಪ್ಲಾಸ್ಟಿಕ್, ಗುಟ್ಕಾ ಚೀಟಿ, ಸಿಂಪರಣೆ ಔಷಧದ ಬಾಟಲಿಗಳನ್ನು ಬೇರೆ ಮಾಡಿ. ಹೂ ಬಂದ ಪಾರ್ಥೇನಿಯಂ ಬೇಡ. ಕೊಳೆರೋಗ ತಗುಲಿ ಉದುರಿದ ಅಡಿಕೆ, ಒಣಗಿದ ಗೊನೆಗಳನ್ನು ಮಾತ್ರ ಆರಿಸಿ ತಂದು ಸುಡುವುದೇ ಸರಿ. ಅಲ್ಲಿ ಬೆಂಕಿಗೆ ನಮ್ಮ ಒಪ್ಪಿಗೆ ಇದೆ. ತೆಂಗು ಬೆಳೆಯುವವರು ತೆರೆದ ತಿಪ್ಪೆಯನ್ನು ಕೆದಕಿ ನೋಡಿ. ಸುಳಿ ಕೊರೆಯುವ ರೈನೋಸರಸ್ ದುಂಬಿಯ ದಪ್ಪ ಬಿಳಿ ಗೊಣ್ಣೆಹುಳುಗಳು ಬೆಳೆಯುವುದು ಅಲ್ಲೇ. ಸಿಕ್ಕವನ್ನು ಕೋಳಿಗೆ ಹಾಕಿ, ತಿಪ್ಪೆಯನ್ನು ಗುಂಡಿಗೆ ಸಾಗಿಸಿ. ಮಣ್ಣು ಮೆತ್ತಿದ ಗುಂಡಿಗೆ ದುಂಬಿ ಸುಲಭವಾಗಿ ಇಳಿಯದು.

ಕೊನೆಗೆ ಕಣ. ಒಕ್ಕಣೆ ಯಂತ್ರ ಬಂದ ಮೇಲೆ ಕಣವೇಕೆ ಎನ್ನುವವರಿದ್ದಾರೆ. ಯಂತ್ರ ಕಾಳು ಬಿಡಿಸುತ್ತದೆ, ಒಣಗಿಸಿ ಕೊಡುವುದಿಲ್ಲ. ರಾಗಿ ಕೆಡದೆ ಉಳಿಯಬೇಕಾದರೆ ತೇವಾಂಶ ನೂರಕ್ಕೆ ೧೨ಕ್ಕೆ ಇಳಿಯಬೇಕು. ಅದಕ್ಕೆ ಬಿಸಿಲು ಬೀಳುವ ಚೊಕ್ಕ ನೆಲ ಬೇಕೇ ಬೇಕು. ಕಣ ಕೈಬಿಟ್ಟವರು ಟಾರು ರಸ್ತೆಯನ್ನು ಕಣ ಮಾಡಿಕೊಂಡಿದ್ದಾರೆ. ರಸ್ತೆಗೆ ಹರಡಿದ ರಾಗಿಯ ಮೇಲೆ ಬೈಕು ಜಾರಿ ಬಿದ್ದವರು, ಹುರುಳಿ ಬಳ್ಳಿ ಚಕ್ರದ ಅಚ್ಚಿಗೆ ಸುತ್ತಿ ಹೊತ್ತಿಕೊಂಡ ಕಾರುಗಳು, ಹೀಗೆ ಪ್ರತಿ ಸುಗ್ಗಿಯಲ್ಲೂ ಸುದ್ದಿ ಓದುತ್ತೀರಿ. ಬಿದ್ದವನು ಹೆಚ್ಚಾಗಿ ಪಕ್ಕದೂರಿನ ರೈತನ ಮಗನೇ. ರಸ್ತೆಗೆ ಅಡ್ಡಿ ಮಾಡುವುದು ಅಪರಾಧ ಎಂಬುದು ಇನ್ನೊಂದು ಮಾತು. ಅಲ್ಲಿ ಗುಡಿಸಿದ ಕಾಳಿನಲ್ಲಿ ಸೇರುವ ಮರಳು ರಾಗಿಯಷ್ಟೇ ಸಣ್ಣದು, ಜರಡಿಗೂ ಮರಕ್ಕೂ ಸಿಗುವುದಿಲ್ಲ. ಖರೀದಿ ಕೇಂದ್ರದಲ್ಲಿ ಮಾಲು ಹಿಂದಕ್ಕೆ ಬರುವುದು, ಮನೆಯಲ್ಲಿ ಮುದ್ದೆ ಕಚ್ಚಿದಾಗ ಹಲ್ಲು ಕರಕರ ಎನ್ನುವುದು ಎರಡೂ ಇದರಿಂದಲೇ.

ಒಂದು ಮನೆಯ ಕಣ ಸಿದ್ಧ ಮಾಡಲು ಇಬ್ಬರಿಗೆ ಎರಡು ದಿನ ಸಾಕು. ಎತ್ತರದ, ಮರದ ನೆರಳಿಲ್ಲದ ಜಾಗವಿರಲಿ. ಸಲಿಕೆಯಿಂದ ಹುಲ್ಲು ಕೆರೆದು, ಬಿರುಕಿಗೆ ಜೇಡಿಮಣ್ಣು ತುಂಬಿ, ಸಂಜೆ ನೀರು ಚಿಮುಕಿಸಿ, ಬೆಳಗ್ಗೆ ದಿಮ್ಮಸಿನಿಂದ ಬಡಿಯಿರಿ. ರೋಣಗಲ್ಲು ಇದ್ದರೆ ಉರುಳಿಸಿ. ಒಂದು ಬದಿಗೆ ತುಸು ಇಳಿಜಾರಿರಲಿ. ಆಮೇಲೆ ಸಗಣಿ ಸಾರಿಸಿ ಒಣಗಲು ಬಿಡಿ. ಸ್ಥಳವಿಲ್ಲದವರು ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಒಂದು ಕಣ ಮಾಡಿಕೊಂಡರೆ ಯಾರಿಗೂ ನಷ್ಟವಿಲ್ಲ. ಬಣವೆಯನ್ನು ಕಣದಲ್ಲೇ ಒಟ್ಟುವವರು ಮೇಲೆ ವಿದ್ಯುತ್ ತಂತಿ ಹಾದಿದೆಯೇ ಎಂದು ತಲೆಯೆತ್ತಿ ನೋಡಿ. ಗಾಳಿಗೆ ತಂತಿ ತಾಗಿ ಉದುರುವ ಒಂದು ಕಿಡಿಗೆ ವರ್ಷದ ಮೇವು ಹೋಗುತ್ತದೆ. ಬಣವೆಯ ಅಡಿಗೆ ಕಲ್ಲು ಚಪ್ಪಡಿ ಅಥವಾ ಮರದ ಹಾಸು ಇರಲಿ.

ಈ ಪುಟವನ್ನು ವಾಚನಾಲಯದಲ್ಲಿ ಕೂತು ಓದುತ್ತಿರುವವರಲ್ಲಿ ಒಂದು ಸಲಹೆ. ಒಂದು ಒಳ್ಳೆಯ ಅರ, ಒಂದು ಸಾಣೆಕಲ್ಲು, ಒಂಟಿ ಗಾಲಿಯ ಒಂದು ಕೈಗಾಡಿ, ಒಂದು ದಿಮ್ಮಸು ಇವು ಪ್ರತಿ ಮನೆಯಲ್ಲೂ ಇರಬೇಕಾಗಿಲ್ಲ, ಊರಿಗೆ ಒಂದೊಂದಿದ್ದರೆ ನಡೆಯುತ್ತದೆ. ಹಾಲಿನ ಸಂಘದ ಜಗುಲಿಯಲ್ಲೋ ವಾಚನಾಲಯದ ಪಡಸಾಲೆಯಲ್ಲೋ ಇಟ್ಟು, ಕೊಂಡೊಯ್ದವರ ಹೆಸರು ಬರೆಯಲು ಗೋಡೆಗೊಂದು ನೋಟುಬುಕ್ಕು ತೂಗುಹಾಕಿ. ಹದಿನೈದು ಇಪ್ಪತ್ತು ಮನೆಯವರು ಹಣ ಹಾಕಿದರೆ ತಲೆಗೆ ಹೆಚ್ಚು ಬೀಳುವುದಿಲ್ಲ. ಕೈಗಾಡಿಯ ಗಾಲಿಗೆ ಟಯರು ಹಾಕಿಸುವಾಗ ಗಾಳಿ ತುಂಬುವಂಥದ್ದು ಬೇಡ, ಗಟ್ಟಿ ರಬ್ಬರಿನದೇ ಇರಲಿ. ಹಿತ್ತಿಲಿನಲ್ಲಿ ಜಾಲಿಮುಳ್ಳು ಬಹಳ.